ತೊಗರಿ ಚೀಲದೊಳಗಿನ ಲ್ಯಾಪ್‌ಟಾಪು

ನಮ್ಮ ಮನೆಗೆ ಬಂದವರು ಮೊದಲು ನೋಡುವುದು ಗೋಡೆಯ ಮೇಲಿನ ದೇವರನ್ನಲ್ಲ, ಮೇಜಿನ ಮೇಲಿನ ಕಲ್ಲುಗಳನ್ನು. ಬೆಂಕಿಪೊಟ್ಟಣದಷ್ಟು ಅಗಲದ, ಶಹಾಬಾದಿ ಫರಸಿಯ ನಾಲ್ಕು ಚೂರು. ಅವುಗಳ ಮೇಲೆ ನಾಲ್ಕು ಮೂಲೆ ಊರಿಕೊಂಡು ನನ್ನ ಸೊಸೆ ಸವಿತಾಳ ಲ್ಯಾಪ್‌ಟಾಪು ಕೂತಿರುತ್ತದೆ, ಮದುಮಗಳನ್ನು ಮಣೆಯ ಮೇಲೆ ಕೂಡಿಸಿದ ಹಾಗೆ. "ಇದ್ಯಾಕ್ರಿ ಹಿಂಗ?" ಎಂದು ಬಂದವರು ಕೇಳುತ್ತಾರೆ. ಸವಿತಾ ನನ್ನ ಕಡೆ ನೋಡುತ್ತಾಳೆ. ನಾನು ಕಿಟಕಿಯ ಕಡೆ ನೋಡುತ್ತೇನೆ. ಕೆಳಗೆ ಗಾಳಿ ಆಡಲಿ ಅಂತ, ಎಂದು ಹೇಳಿ ಆಕೆ ಚಹಾ ಇಡಲು ಹೋಗುತ್ತಾಳೆ.

ಅದು ಸುಳ್ಳಲ್ಲ. ಹಾಗಂತ ಪೂರ್ತಿ ನಿಜವೂ ಅಲ್ಲ. ಪೂರ್ತಿ ನಿಜ ಹೇಳಬೇಕಾದವನು ನಾನು. ಕಿಟಕಿ ನೋಡಿ ನೋಡಿ ಕತ್ತು ನೋಯುತ್ತಿದೆ. ಅದಕ್ಕೇ ಹೇಳಿಬಿಡುತ್ತೇನೆ.

ಶಹಾಬಾದಿನ ಬಿಸಿಲು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ನೆಲದಡಿ ಕಲ್ಲು, ನೆಲದ ಮೇಲೆ ಕಲ್ಲು, ಹಿಂದಿನ ಮನೆಗಳಲ್ಲಿ ತಲೆಯ ಮೇಲೂ ಕಲ್ಲು. ಮೇ ತಿಂಗಳಲ್ಲಿ ಊರಿಗೂರೇ ರೊಟ್ಟಿಯ ಹಂಚು. ಚಿಕ್ಕವನಿದ್ದಾಗ ಮಧ್ಯಾಹ್ನ ನಮ್ಮವ್ವ ಪಡಸಾಲೆಯ ಫರಸಿಗೆ ಒಂದು ಕೊಡ ನೀರು ಸುರಿಯುತ್ತಿದ್ದಳು. ಕಲ್ಲು ಸುಸ್ ಅಂತ ಉಸಿರು ಬಿಡುತ್ತಿತ್ತು. ಅಂಗಿ ಬಿಚ್ಚಿ ಹೊಟ್ಟೆ ಕೆಳಗೆ ಮಾಡಿ ನಾವೆಲ್ಲ ಅದರ ಮೇಲೆ ಬೀಳುತ್ತಿದ್ದೆವು. ಒಂದು ಮಗ್ಗುಲಿನ ಕಲ್ಲು ಬಿಸಿಯಾದರೆ ಪಕ್ಕದ ಕಲ್ಲಿಗೆ ಉರುಳುವುದು, ಅಲ್ಲಿ ತಮ್ಮ ಮಲಗಿದ್ದರೆ ಅವನನ್ನು ಮುಂದಿನ ಕಲ್ಲಿಗೆ ಉರುಳಿಸುವುದು. ನನ್ನ ವಿದ್ಯಾಭ್ಯಾಸ ಹತ್ತನೆಯ ತರಗತಿಗೇ ನಿಂತರೂ ಒಂದು ಶಾಸ್ತ್ರ ಮಾತ್ರ ಅಲ್ಲೇ ಪೂರ್ತಿಯಾಯಿತು: ಲೋಕದಲ್ಲಿ ಬಿಸಿಯಾಗುವುದೆಲ್ಲ ನೀರಿಗೆ ಬಗ್ಗುತ್ತದೆ.

ಮುಂದೆ ಹೊಟ್ಟೆಪಾಡೂ ಅದೇ ಶಾಸ್ತ್ರದ ಮೇಲೆ ನಡೆಯಿತು. ಮೊದಲು ರಾವೂರಿನ ಕಲ್ಲಿನ ಖಣಿಯಲ್ಲಿ ಜೀಪು ಓಡಿಸುತ್ತಿದ್ದೆ. ಬಿಸಿಲಿಗೆ ಆ ಪೆಟ್ರೋಲ್ ಜೀಪು ನಡುದಾರಿಯಲ್ಲಿ ಮುನಿಸಿಕೊಂಡು ನಿಂತರೆ ಬಾನೆಟ್ ಎತ್ತಿ, ಇಂಜಿನ್ನಿಗೆ ಪೆಟ್ರೋಲ್ ಎಳೆಯುವ ಸಣ್ಣ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಒಂದು ಬೀಡಿ ಸೇದುವುದು. ಬೀಡಿ ಮುಗಿಯುವಷ್ಟರಲ್ಲಿ ಜೀಪಿನ ಸಿಟ್ಟು ಇಳಿದಿರುತ್ತಿತ್ತು. (ಪೆಟ್ರೋಲಿನ ಪಕ್ಕ ಬೀಡಿ ಯಾಕೆ ಸೇದಿದೆ ಎಂದು ಕೇಳಬೇಡಿ. ಆಗ ದೇವರಿಗೆ ನಮ್ಮ ಮೇಲೆ ಕರುಣೆ ಜಾಸ್ತಿ ಇತ್ತು.) ಆಮೇಲೆ ಸರ್ಕಾರಿ ಬಸ್ಸು ಸಿಕ್ಕಿತು. ಚಿತ್ತಾಪುರ, ಸೇಡಂ, ಸುಲೇಪೇಟ, ಚಿಂಚೋಳಿ. ರೇಡಿಯೇಟರ್ ಕುದಿಯಿತು ಅಂದರೆ ಕಂಡಕ್ಟರ್ ಮೆಹಬೂಬ ಡಬ್ಬ ಹಿಡಿದು ಹತ್ತಿರದ ಬಾವಿಗೆ ಓಡುವನು. ಅವನೂ ನಾನೂ ಒಂದೇ ಬಸ್ಸಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು, ಒಂದೇ ವರ್ಷ ರಿಟೈರಾದವರು. ಈಗಲೂ ಅವನು ನನ್ನ ಬೆನ್ನಿಗೆ ಎರಡು ಸಲ ತಟ್ಟಿದರೆ ನನ್ನ ಬಲಗಾಲು ತಾನೇ ಕೆಳಗೆ ಒತ್ತುತ್ತದೆ.

ಲ್ಯಾಪ್‌ಟಾಪಿಗೆ ಬರುತ್ತೇನೆ.

ಸವಿತಾ ಚಿಂಚೋಳಿ ತಾಲೂಕಿನ ಕೊಡ್ಲಿಯ ಹುಡುಗಿ. ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಕಲಿತಿದ್ದಳು. ಪೇಟೆಯ ಫೋಟೋ ಸ್ಟುಡಿಯೋದವನು ಶೂಟಿಂಗ್ ಮಾಡಿಕೊಂಡು ಬಂದು ರಾಶಿ ಹಾಕಿದ್ದನ್ನು ಈಕೆ ಮನೆಯಲ್ಲಿ ಕೂತು ಹಸನು ಮಾಡಿ, ಹಾಡು ಹಚ್ಚಿ, ನೋಡುವ ಹಾಗೆ ಮಾಡಿಕೊಡಬೇಕು. ಅದಕ್ಕೆ ಲ್ಯಾಪ್‌ಟಾಪು ಬೇಕೆಂದಾಗ ಮಗ ಬಸು ಹೂಂ ಅಂದ, ನನ್ನ ಹೆಂಡತಿ ನೀಲಮ್ಮ ಹೂಂ ಅಂದಳು, ನಾನೊಬ್ಬ ಊಹೂಂ ಅಂದೆ. ಮನೆಯ ಹೆಣ್ಣುಮಗಳು ದಿನವಿಡೀ ಡಬ್ಬಿಯ ಮುಂದೆ ಕೂತು ಮಂದಿಯ ಮದುವೆ ನೋಡುವುದೆಂದರೇನು! ಆಗ ನಾನು ಪೂಜೆಗೆ ಕೂತಿದ್ದೆ. ಇಷ್ಟಲಿಂಗ ಅಂಗೈಯಲ್ಲೇ ಇತ್ತು. ಶಿವ ಅಷ್ಟು ಹತ್ತಿರ ಇದ್ದಾಗ ದೊಡ್ಡ ಮಾತು ಆಡುವುದು ನನ್ನ ಹಳೆಯ ಚಟ. "ಅದು ಮನೀಗಿ ಬಂದ್ರ ಬರ್ಲಿ. ನಾ ಮಾತ್ರ ಅದನ್ನ ಮುಟ್ಟೂದಿಲ್ಲ, ಕಣ್ಣೆತ್ತಿ ನೋಡೂದಿಲ್ಲ" ಎಂದೆ. ಯಾರೂ ನನ್ನನ್ನು ಮುಟ್ಟು ಅಂದಿರಲಿಲ್ಲ.

ಡಬ್ಬಿ ಬಂತು. ನಾನು ಅದರ ಮುಂದೆ ಹಾಯುವಾಗ ಮುಖ ಆ ಕಡೆ ಮಾಡಿ ಹಾಯುತ್ತಿದ್ದೆ. ಎರಡು ಸಲ ಬಾಗಿಲಿಗೆ ಹಣೆ ಬಡಿದುಕೊಂಡೆ.

ಹೀಗಿರುವಾಗ ಮೆಹಬೂಬನ ಮೊಮ್ಮಗಳು ಶಬಾನಾಳ ಮದುವೆ ಬಂತು. ಮೆಹಬೂಬ ವಿಡಿಯೋದ ಕೆಲಸ ಸವಿತಾಳೇ ಮಾಡಬೇಕೆಂದು ಹಟ ಹಿಡಿದು ಆಕೆಗೇ ಕೊಡಿಸಿದ. ಅದು ಆಕೆಯ ಮೊದಲನೆಯ ದೊಡ್ಡ ಕೆಲಸ. ಮದುವೆಯಲ್ಲಿ ಮಾಂಸ ಉಣ್ಣದ ನಮ್ಮಂಥವರಿಗೆಂದು, ಈ ಕಡೆಯ ಪದ್ಧತಿಯಂತೆ, ಬೇರೆ ಪೆಂಡಾಲು, ಬೇರೆ ಅಡುಗೆಯವರು, ಬೇರೆ ಒಲೆ. ಅಲ್ಲಿಯ ಗೋಧಿ ಹುಗ್ಗಿಯ ಬಗ್ಗೆ ನಾನು ಇನ್ನೊಂದು ಪ್ರಬಂಧ ಬರೆಯಬಲ್ಲೆ. ಪಕ್ಕದಲ್ಲಿ ಚಿತ್ತಾಪುರ ಡಿಪೋದ ಹಳೆಯ ಡ್ರೈವರೊಬ್ಬ ಕೂತಿದ್ದ. ನಿನ್ನ ಸೊಸೆ ಏನೋ ಕಂಪ್ಯೂಟರ್ ಕೆಲಸ ಮಾಡುತ್ತಾಳಂತಲ್ಲ ಎಂದು ಮರ್ಯಾದೆಯಿಂದಲೇ ಕೇಳಿದ. ಹುಗ್ಗಿಯ ಮೇಲೆ ತುಪ್ಪ ಬೀಳುತ್ತಿತ್ತು. ನಾನು ಬಾಯಿ ಬಿಟ್ಟೆ.

"ಕೆಲಸಲ್ಲ, ಮಣ್ಣು. ಮಂದಿ ಮದವಿ ನೋಡ್ಕೋತ ಕುಂದ್ರೂದಕ್ಕ ಕೆಲಸ ಅಂತಾರೇನು? ಕೊಡ್ಲಿಯವರು ಮಗಳಿಗಿ ಏನ ಕಲಿಸ್ಯಾರೋ ಏನೋ. ಆ ತಾಯಿಗಿ ಮಗಳನ್ನ ಬೆಳೆಸೂದು ಗೊತ್ತಿಲ್ಲ, ಕಳಿಸೂದು ಗೊತ್ತು."

ಆ ತಾಯಿ ಗಂಡ ಹೋದ ಮೇಲೆ ಒಬ್ಬಳೇ ಹೊಲ ಮಾಡಿಸಿ ಮಗಳನ್ನು ಓದಿಸಿದವಳು. ನಮ್ಮ ಮನೆಗೆ ಬಂದಾಗ ನನಗೆ ಬೆನ್ನು ತೋರಿಸಿ ಎಂದೂ ಕೂತವಳಲ್ಲ. ನನಗೆ ಅದೆಲ್ಲ ಗೊತ್ತಿತ್ತು. ತುಪ್ಪ ಜಾಸ್ತಿಯಾದಾಗ ನಾಲಿಗೆ ಜಾರುತ್ತದೆ ಅನ್ನಿ. ಅಲ್ಲ, ತುಪ್ಪದ ಮೇಲೆ ಯಾಕೆ ಹಾಕಲಿ. ಆ ಡ್ರೈವರನ ಮುಂದೆ ನಾನು ಮನೆಯ ಯಜಮಾನನ ಹಾಗೆ ಕಾಣಬೇಕಾಗಿತ್ತು.

ಎದುರಿಗೆ ಕ್ಯಾಮೆರಾದವನು ನಿಂತಿದ್ದ. ನಾನು ಅವನನ್ನು ನೋಡಿ ನಕ್ಕೂ ನಕ್ಕೆ.

ಮದುವೆಯಾಗಿ ಕೆಲವು ದಿನಕ್ಕೆ ಸವಿತಾ ಕಿವಿಗೆ ಹಚ್ಚಿಕೊಂಡ ಯಂತ್ರ ತೆಗೆದು, ನಗುತ್ತ ನೀಲಮ್ಮನಿಗೆ ಹೇಳುತ್ತಿದ್ದಳು. ಮೆಹಂದಿಯ ದಿನ ಯಾವ ಅತ್ತೆ ಯಾವ ಚಿಕ್ಕಮ್ಮನಿಗೆ ಏನು ಅಂದಳು ಎಂಬುದೆಲ್ಲ ಸಿಕ್ಕಿತ್ತು. "ಮಂದಿ ಕ್ಯಾಮೆರಾಕ್ಕ ಕಣ್ಣ ಅದ ಅಂತ ಸೀರಿ ಸರಿ ಮಾಡ್ಕೋತಾರ್ರಿ ಅತ್ಯಾರ. ಕಿವೀನೂ ಅದ ಅಂತ ಯಾರೂ ತಿಳಿಯೂದಿಲ್ಲ" ಎಂದಳು.

ಆ ಮಾತು ಮುಗಿಯುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಚಹಾ ನನ್ನ ಧೋತರದ ಮೇಲಿತ್ತು.

ಲೆಕ್ಕ ಸರಳ. ಇವತ್ತು ಮೆಹಂದಿ ನೋಡುತ್ತಿದ್ದಾಳೆ. ನಾಳೆ ನಾಡಿದ್ದು ನಿಕಾ. ಅದಾದ ಮೇಲೆ ಊಟ. ಊಟದಲ್ಲಿ ನಾನು. ಆಕೆ ಅಲ್ಲಿಗೆ ಮುಟ್ಟುವುದರೊಳಗೆ ಆ ತುಣುಕು ಅಳಿಸಬೇಕು. ಅಳಿಸುವುದು ಹೇಗೆಂದು ನನಗೆ ಗೊತ್ತಿಲ್ಲ. ಮೆಹಬೂಬನಿಗೆ ಮೊಬೈಲಿನಲ್ಲಿ ಬೆಳಗಿನ ಶುಭಾಶಯಗಳನ್ನು ಅಳಿಸುವ ಅಭ್ಯಾಸ ಚೆನ್ನಾಗಿತ್ತು. ಅವನ ಬಳಿ ಹೋಗಿ ಎಲ್ಲ ಹೇಳಿದೆ. ಅವನು ಬಹಳ ಹೊತ್ತು ಗಡ್ಡ ತಿಕ್ಕಿದ.

"ಶರಣಪ್ಪ, ನಿನ್ನ ಬಸ್ಸಿಗಿ ಬ್ರೇಕ್ ಇತ್ತು. ಬಾಯಿಗಿ ಯಾಕ ಹಚ್ಚಿಸ್ಕೊಳ್ಳಿಲ್ಲ?"

ಹೀಗೆ ಬೈದರೂ ಬಂದ. ಮಧ್ಯಾಹ್ನ ಅತ್ತೆ ಸೊಸೆ ಹಿಂದಿನ ಕೋಣೆಯಲ್ಲಿ ಕೂಲರ್ ಹಚ್ಚಿ ಅಡ್ಡಾಗುತ್ತಿದ್ದರು. ನಾನು ಜಪ ಇದೆ ಎಂದು ಹೇಳಿ ಮುಂದಿನ ಕೋಣೆಯಲ್ಲಿ ಉಳಿದೆ. ಜಪಕ್ಕೆ ಮೆಹಬೂಬಣ್ಣ ಯಾಕೆ ಎಂದು ನೀಲಮ್ಮ ಕೇಳಿದಳು. ಎಣಿಸುವುದಕ್ಕೆ, ಕಂಡಕ್ಟರ್ ಅಲ್ಲವೇ, ಎಂದೆ. ನಂಬಿದಳೋ ನಿದ್ದೆ ಬಂದಿತ್ತೋ, ಹೋಗಿ ಮಲಗಿದಳು.

ಮೇಜಿನ ಮೇಲಿನ ಡಬ್ಬಿ ಎತ್ತಿ ತಂದು ನನ್ನ ಮಂಚದ ಮೇಲೆ, ಎರಡು ಮಡಿಕೆ ಮಾಡಿದ ಕೌದಿಯ ಮೇಲೆ ಇಟ್ಟೆ. ನಾಜೂಕಿನ ವಸ್ತು, ಮೆತ್ತಗಿರಲಿ ಎಂಬ ಪ್ರೀತಿ. ನೀಲಮ್ಮ ಹಳೆಯ ಸೀರೆ, ಹಳೆಯ ಧೋತರ ಸೇರಿಸಿ ಹೊಲಿದ ಕೌದಿ ಅದು, ಮೂರು ಹೆರಿಗೆ ಕಂಡಿದೆ. ಅದರಲ್ಲಿ ಮಲಗಿದ ಯಾವ ಕೂಸೂ ಕೆಮ್ಮಿಲ್ಲ. ಡಬ್ಬಿ ತೆರೆಯುವ ಗುಟ್ಟಿನ ಪದ, ಪಾಸ್‌ವರ್ಡ್ ಅಂತಾರಲ್ಲ, ಮನೆಯವರಿಗೆಲ್ಲ ಗೊತ್ತಿತ್ತು, ಸವಿತಾ ಗಂಡನಿಗೆ ಕೂಗಿ ಹೇಳಿದ್ದಳು: ಕೊಡ್ಲಿ. ತನ್ನ ತವರೂರು. ದಿನಾ ಮಧ್ಯಾಹ್ನ ಒಂದು ಬೆರಳಿನಿಂದ ಕೊಡ್ಲಿ, ಕೊಡ್ಲಿ ಎಂದು ಇಂಗ್ಲಿಷಿನಲ್ಲಿ ಒತ್ತಿ ನಾನು ಒಳಗೆ ಹೋಗುತ್ತಿದ್ದೆ, ಕೊಡ್ಲಿಯನ್ನು ಬೈದದ್ದನ್ನು ಅಳಿಸಲಿಕ್ಕೆ.

ಒಂದೇ ಮಧ್ಯಾಹ್ನದ ಕೆಲಸ ಎಂದುಕೊಂಡಿದ್ದೆವು. ಆಗಲಿಲ್ಲ. ಕಾರಣ ಹೇಳಲು ನಾಚಿಕೆಯಾಗುತ್ತದೆ: ನೋಡುತ್ತ ಕೂತುಬಿಟ್ಟೆವು. ಕತ್ತರಿಸದ ಮದುವೆ ಎಷ್ಟು ರುಚಿ ಅಂತೀರಿ! ವರನ ಮಾವನೊಬ್ಬ ಯಾರೂ ನೋಡುವುದಿಲ್ಲವೆಂದು ಹಲ್ಲಿನ ಸೆಟ್ಟು ತೆಗೆದು ಶೆರವಾನಿಯ ಕಿಸೆಗೆ ಹಾಕಿಕೊಂಡ. ನಮ್ಮ ಓಣಿಯ ದೊಡ್ಡ ಮನುಷ್ಯ, ಹೆಸರು ಬೇಡ, ಬಾಳೆಹಣ್ಣಿನ ಚಿಪ್ಪನ್ನು ಶಾಲಿನಲ್ಲಿ ಸುತ್ತಿ ಕೂಸಿನ ಹಾಗೆ ಎತ್ತಿಕೊಂಡು ಹೋದ. ಮೆಹಬೂಬ ನಿಕಾದ ಹೊತ್ತಿಗೆ ಕಂಬದ ಹಿಂದೆ ನಿಂತು ಮೂಗು ಒರೆಸಿಕೊಳ್ಳುತ್ತಿದ್ದದ್ದೂ ಸಿಕ್ಕಿತು. ಅದನ್ನು ಅವನು ಎರಡನೆಯ ಸಲ ಹಾಕಿಸಿ ನೋಡಿದ. ನಾನು ಸುಮ್ಮನಿದ್ದೆ.

ಡಬ್ಬಿ ಮಾತ್ರ ಸುಮ್ಮನಿರಲಿಲ್ಲ. ಕೌದಿಯಲ್ಲಿ ಹುಗಿದು ಕೂತು ಒಳಗಿನ ಫ್ಯಾನು ಘಟ್ಟ ಹತ್ತುವ ಬಸ್ಸಿನ ಹಾಗೆ ಗೊರಗುಡುತ್ತಿತ್ತು. ಆಮೇಲೆ ತಟ್ಟನೆ ಕಣ್ಣು ಮುಚ್ಚುತ್ತಿತ್ತು. ಆರಿದ ಮೇಲೆ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದೆವು.

ಇತ್ತ ಸವಿತಾಳ ಕೆಲಸ ನಿಂತಿತು. ತುಣುಕುಗಳನ್ನೆಲ್ಲ ಜೋಡಿಸಿ ಒಂದೇ ಚಿತ್ರವಾಗಿ ಇಳಿಸುವಾಗ ಪ್ರೊಸೆಸರ್ ಎಂಬ ಅದರ ಮಿದುಳು ಜೋರಾಗಿ ದುಡಿಯಬೇಕಂತೆ. ದುಡಿಯುತ್ತ ಕಾದು, ಅರ್ಧಕ್ಕೆ ಆರಿಹೋಗುತ್ತಿತ್ತು. ಮತ್ತೆ ಮೊದಲಿನಿಂದ. ಮದುವೆಯಾದ ಮೇಲಿನ ಶುಕ್ರವಾರಗಳಲ್ಲಿ ಹೆಣ್ಣಿನ ಮನೆಯವರು ಮಗಳು ಅಳಿಯನನ್ನು ಕರೆದು ಉಣಿಸುತ್ತಾರೆ, ಜುಮಗಿ ಅನ್ನುತ್ತಾರೆ. ಕೊನೆಯ ಜುಮಗಿಯ ದಿನ ಎಲ್ಲರೂ ಕೂಡಿ ವಿಡಿಯೋ ನೋಡುವುದು, ಮರುದಿನ ಶಬಾನಾ ಗಂಡನ ಜೊತೆ ಹೈದರಾಬಾದಿಗೆ ಹೋಗುವುದು ಎಂದು ನಿಂತಿತ್ತು. ಆ ಶುಕ್ರವಾರ ಹತ್ತಿರ ಬಂತು. ಸವಿತಾಳ ಕಣ್ಣು ಕೆಂಪಾದವು. ಬಸು, ಮೊದಲು ಹೂಂ ಅಂದವನೇ, ಈಗ ಬೇರೆ ರಾಗ ತೆಗೆದ. ಹೇಳಿದ ದಿನಕ್ಕೆ ಕೊಡಲು ಆಗದಿದ್ದರೆ ಊರಲ್ಲಿ ಹೆಸರು ಕೆಡುತ್ತದೆ, ಈ ಮದುವೆಯ ವಿಡಿಯೋ ವಾಪಸ್ ಕೊಟ್ಟು ಈ ಕೆಲಸವನ್ನೇ ಬಿಟ್ಟುಬಿಡು ಅಂದ. ಬಿಸಿಲಿನ ಮೇಲೆ, ಊರಿನ ಕಲ್ಲುಪುಡಿಯ ಮೇಲೆ, ಕರೆಂಟಿನ ಮೇಲೆ ತಪ್ಪು ಹೋಯಿತು. ನಾನು ಮೂಲೆಯಲ್ಲಿ ವಿಭೂತಿ ಹಚ್ಚಿಕೊಂಡು ಕೂತು ಹೌದೌದು, ಈ ಸಲ ಬಿಸಿಲು ಭಾಳ ಎಂದೆ.

ನನ್ನ ಜೀವಮಾನದಲ್ಲಿ ನಾನು ಹೇಳಿದ ಅತಿ ಹೊಲಸು ಮಾತು ಹುಗ್ಗಿಯ ಪೆಂಡಾಲಿನದಲ್ಲ. ಇದು.

ಅದರ ಮರುದಿನವೇ ಊಟದ ತುಣುಕು ಸಿಕ್ಕಿತು. ತುಪ್ಪ ಬಿತ್ತು, ನಾನು ಬಾಯಿ ಬಿಟ್ಟೆ, ನನ್ನ ದನಿ ನನಗೇ ಕೇಳಿತು. ನನ್ನ ದನಿ ಅಷ್ಟು ಕೆಟ್ಟದಾಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಳಿಸು, ಅಳಿಸು ಎಂದು ಮೆಹಬೂಬನ ತೋಳು ಹಿಡಿದೆ. ಅವನು ಗುಂಡಿ ಹುಡುಕುವಷ್ಟರಲ್ಲಿ ಡಬ್ಬಿ ಗೊರ್ ಅಂದಿತು, ಚಿತ್ರ ನಿಂತಿತು, ನನ್ನ ತೆರೆದ ಬಾಯಿ ಪರದೆಯ ತುಂಬ ಹಾಗೇ ಉಳಿಯಿತು. ಕೆಳಗೆ ಕೈ ಇಟ್ಟರೆ ಹಂಚು.

ಆಗ ನನ್ನೊಳಗಿನ ಜೀಪಿನ ಡ್ರೈವರು ಎದ್ದ. ಗಡಿಗೆಯಲ್ಲಿ ಟವೆಲ್ಲು ಅದ್ದಿ, ಹಿಂಡಿ, ಡಬ್ಬಿಯ ಕೆಳಗೊಂದು ಮಡಿಕೆ, ಗುಂಡಿಗಳ ಮೇಲೊಂದು ಮಡಿಕೆ ಹಾಕಿದೆ. ಚೆನ್ನಾಗಿ ಹಿಂಡಿದ್ದೆ ಎಂದೇ ಈಗಲೂ ನನ್ನ ವಾದ. ಡಬ್ಬಿ ಒಂದು ಸಲ ಚಿಟ್ ಎಂದಿತು. ಪರದೆ ಕಪ್ಪಾಯಿತು. ಬೀಡಿ ಸೇದುವಷ್ಟು ಹೊತ್ತು ಕಾದೆವು. ಎರಡು ಬೀಡಿಯಷ್ಟು ಕಾದೆವು. ಏಳಲಿಲ್ಲ.

ನೀರು ಕುಡಿದ ಮೊಬೈಲನ್ನು ಅಕ್ಕಿಯಲ್ಲಿ ಹುಗಿದರೆ ನೀರು ಹೀರುತ್ತದೆ ಎಂದು ಮೆಹಬೂಬ ಯಾರಿಂದಲೋ ಕೇಳಿದ್ದ. ಅಕ್ಕಿಯ ಡಬ್ಬ ಅಡುಗೆಮನೆಯಲ್ಲಿ. ಅಡುಗೆಮನೆಯ ದಾರಿ ಮಲಗಿದ ಹೆಂಗಸರ ಮುಂದೆ. ನನ್ನ ಮಂಚದ ಕೆಳಗೆ ಇದ್ದದ್ದು ತೊಗರಿಬೇಳೆಯ ಚೀಲ. ಕಲಬುರಗಿ ಸೀಮೆಯವರಾಗಿ ತೊಗರಿಗಿಂತ ಅಕ್ಕಿ ಹೆಚ್ಚು ಎಂದು ಒಪ್ಪುವುದು ಹೇಗೆ? ಅದರಲ್ಲೇ ಹುಗಿದೆವು. ಮೆಹಬೂಬ ಮೇಲೆ ಬೇಳೆ ಸರಿಸಿ ಸಮ ಮಾಡಿ, ತೌಬಾ ತೌಬಾ ಎಂದು ಗಲ್ಲ ಬಡಿದುಕೊಂಡು ಮನೆಗೆ ಹೋದ.

ಸಂಜೆ ನೀಲಮ್ಮ ಸಾರಿಗೆ ಬೇಳೆ ತೆಗೆಯಲು ಬಂದಳು. ಬಟ್ಟಲು ಒಳಗೆ ಹೋಗಿ ಟಣ್ ಎಂದಿತು. ಕೈ ಹಾಕಿ ಎಳೆದಳು.

"ಸವಿತಾ, ಬಾ ಇಲ್ಲಿ. ನಿನ್ನ ಮಾವಾರು ಲ್ಯಾಪ್‌ಟಾಪ್ ಬಿತ್ತ್ಯಾರ."

ಸವಿತಾ ಬಂದು ನೋಡಿದಳು. ನನ್ನನ್ನು ನೋಡಿದಳು. ಬೈದಿದ್ದರೆ ನಾನು ತಿರುಗಿ ಬೈದು ಗೆದ್ದುಬಿಡುತ್ತಿದ್ದೆ. ಸಣ್ಣ ಸ್ಕ್ರೂಡ್ರೈವರ್ ತಂದು ಫರಸಿಯ ಮೇಲೆ ಬಿಳಿ ಬಟ್ಟೆ ಹಾಸಿ, ಮಗುಚಿ, ಬಿಚ್ಚಿದಳು. ಮೊದಲು ಎರಡು ತೊಗರಿಬೇಳೆ ಉರುಳಿದವು. ಫ್ಯಾನಿನ ಜಾಲರಿಯ ಮೇಲೆ ಒತ್ತಿದ ಹತ್ತಿಯ ಹಾಗೆ ಒಂದು ಪದರ ಕೂತಿತ್ತು. ಚಿಮಟಿಗೆಯಿಂದ ಎತ್ತಿ ಬೆಳಕಿಗೆ ಹಿಡಿದಳು. ಬರೀ ಕಲ್ಲುಪುಡಿಯಾಗಿದ್ದರೆ ಬೆಳ್ಳಗಿರಬೇಕಿತ್ತು. ಅದರಲ್ಲಿ ಕೆಂಪು ಎಳೆ, ಹಸಿರು ಎಳೆ, ನೀಲಮ್ಮನ ಹಳೆಯ ಇಳಕಲ್ ಸೀರೆಯ ಎಳೆ. ಎಲ್ಲರೂ ಒಟ್ಟಿಗೆ ನನ್ನ ಮಂಚದ ಕೌದಿಯ ಕಡೆ ತಿರುಗಿದರು.

"ದಿನಾ ತಗೊಂಡು ನೋಡ್ಲಿಕತ್ತಿದ್ದೆ" ಎಂದೆ. "ಅದಕ್ಕೇ ಕಾದದ್ದು. ಬಿಸಿಲಲ್ಲ. ನಾ."

ಯಾಕೆ ನೋಡುತ್ತಿದ್ದೆ ಎಂದು ಆಕೆ ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಅರ್ಧ ತಪ್ಪು ಒಪ್ಪಿಕೊಂಡವನಿಗೆ ಪೂರ್ತಿ ಒಪ್ಪಿಕೊಂಡವನಿಗಿಂತ ಚೆನ್ನಾಗಿ ನಿದ್ದೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡು ದಿನ ನೆರಳಲ್ಲಿ ಒಣಗಿತು. ಸವಿತಾ ಬ್ರಷ್ ಹಾಕಿ ತಿಕ್ಕಿದಳು. ಪ್ರೊಸೆಸರಿನ ಮೇಲೆ ಹಚ್ಚುವ ಬೂದಿಬಣ್ಣದ ಲೇಪ ಒಣಗಿ ಬಿರುಕು ಬಿಟ್ಟಿತ್ತು. ವಾಡಿಯ ಅಂಗಡಿಯಿಂದ ಹೊಸ ಲೇಪ ತರಿಸಿ, ಹಳೆಯದನ್ನು ಒರೆಸಿ, ಬೆರಳ ತುದಿಯಷ್ಟು ಹಚ್ಚಿದಳು. ಒಳಗಿನ ಬಿಸಿಯನ್ನು ಹೊರಗೆ ದಾಟಿಸುವುದು ಅದೇ ಅಂತೆ. ನಾನು ಹಣೆ ಮುಟ್ಟಿ ನೋಡಿಕೊಂಡೆ. ಅದರ ಹಣೆಗೆ ಒಂದು ಬೊಟ್ಟು ಬೂದಿ ಸಾಕಾಗಿತ್ತು. ನನ್ನ ಹಣೆಗೆ ಐವತ್ತು ವರ್ಷದಿಂದ ಮೂರು ಪಟ್ಟಿ ಹಚ್ಚುತ್ತಿದ್ದೇನೆ, ಒಳಗಿನ ಬಿಸಿ ಬಾಯಿಂದಲೇ ಹೋಗುತ್ತಿದೆ.

ಡಬ್ಬಿ ಎದ್ದಿತು. ನಾನು ಯಾರಿಗೂ ಹೇಳದೆ ಕಲ್ಲಿನ ಪಾಲಿಶ್ ಮಾಡುವಲ್ಲಿಗೆ ಹೋಗಿ, ಬಿಸಾಕಿದ ಚೂರುಗಳಲ್ಲಿ ಒಂದೇ ದಪ್ಪದ ನಾಲ್ಕು ಆರಿಸಿ, ಅಂಚು ಮಸೆದು ತಂದು ಅದರ ಕಾಲಿಗೆ ಕೊಟ್ಟೆ. ಕೆಳಗೆ ಗಾಳಿ ಆಡಿತು. ಗುರುವಾರ ಚಿತ್ರ ಪೂರ್ತಿ ಇಳಿಯಿತು, ಒಮ್ಮೆಯೂ ನಿಲ್ಲದೆ.

ಆದರೆ ನನ್ನ ತುಣುಕು ಅದರೊಳಗೇ ಇತ್ತು. ಅಳಿಸಿರಲಿಲ್ಲ.

ಶುಕ್ರವಾರ ಮೆಹಬೂಬನ ಮನೆಯ ಟಿವಿಯ ಮುಂದೆ ಎರಡು ಕಡೆಯ ಬೀಗರು, ಮಕ್ಕಳು, ನೆರೆಯವರು ತುಂಬಿದ್ದರು. ನೀಲಮ್ಮ, ಬಸು, ಸವಿತಾ ಮುಂದೆ. ನಾನು ಬಾಗಿಲ ಪಕ್ಕ, ಓಡಲು ಅನುಕೂಲವಾಗುವಲ್ಲಿ. ಮೆಹಂದಿ ಬಂತು, ನಿಕಾ ಬಂತು. ಬಾಳೆಹಣ್ಣಿನ ಕಳ್ಳ ಬರಲಿಲ್ಲ, ಹಲ್ಲಿನ ಸೆಟ್ಟು ಬರಲಿಲ್ಲ. ಕಂಬದ ಹಿಂದಿನ ಮೆಹಬೂಬ ಬಂದ, ನೋಡುತ್ತ ಕೂತಿದ್ದ ಶಬಾನಾ ಪಕ್ಕದ ಅಜ್ಜನ ಹೆಗಲಿಗೆ ತಲೆ ಇಟ್ಟಳು. ಆಮೇಲೆ ಪೆಂಡಾಲು. ಹುಗ್ಗಿ. ತುಪ್ಪ. ಪರದೆಯ ತುಂಬ ನನ್ನ ಮುಖ.

ಬಾಯಿ ತೆರೆಯಿತು. ಶಹನಾಯಿ ಬಂತು.

ನನ್ನ ಮಾತಿದ್ದ ಅಷ್ಟೂ ಹೊತ್ತು ಶಹನಾಯಿ. ತುಟಿ ಮೆಲ್ಲಗೆ ಆಡುತ್ತವೆ, ತುಪ್ಪ ಹೊನ್ನಿನ ಹಾಗೆ ಇಳಿಯುತ್ತದೆ, ಕೊನೆಗೆ ನಾನು ಕ್ಯಾಮೆರಾ ನೋಡಿ ನಗುತ್ತೇನೆ. ಮೆಹಬೂಬನ ಹೆಂಡತಿ ಕಣ್ಣೊರೆಸಿಕೊಂಡಳು.

"ನೋಡ್ರಿ, ಶರಣಪ್ಪಣ್ಣ ಎಷ್ಟ ಮನಸಿಟ್ಟು ದುವಾ ಮಾಡಾಕತ್ತಾರ."

ಎಲ್ಲರೂ ತಿರುಗಿ ನನ್ನನ್ನು ಪ್ರೀತಿಯಿಂದ ನೋಡಿದರು. ಸುಮ್ಮನೆ ಕೈ ಮುಗಿದಿದ್ದರೆ ಈ ಊರಿನಲ್ಲಿ ಸಂತನಾಗಿ ಸಾಯಬಹುದಿತ್ತು.

"ದುವಾ ಅಲ್ಲ ಭಾಬಿ" ಎಂದೆ. "ನಮ್ಮ ಸೊಸಿಗಿ ಬೈಲಿಕತ್ತಿದ್ದೆ. ಅಕಿ ತಾಯಿಗೂ."

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಶರಣಪ್ಪ ಈ ವಯಸ್ಸಿನಲ್ಲೂ ಮಜಾಕು ಬಿಟ್ಟಿಲ್ಲ ಎಂದರು. ನಗದೆ ಇದ್ದವರು ಇಬ್ಬರೇ, ಮೆಹಬೂಬ ಮತ್ತು ಸವಿತಾ.

ಮನೆಗೆ ಬರುವಾಗ ನೀಲಮ್ಮನೂ ಬಸುವೂ ಮುಂದೆ ಹೋದರು. ಸವಿತಾ ನನ್ನ ಹೆಜ್ಜೆಗೆ ಹೆಜ್ಜೆ ಹಾಕಿ ನಡೆದಳು. ನೀ ಯಾವಾಗ ಕೇಳಿದಿ ಎಂದು ಕೇಳಿದೆ. ಊಟದ ತುಣುಕನ್ನೇ ಎಲ್ಲಕ್ಕಿಂತ ಮೊದಲು ನೋಡಿದ್ದಳಂತೆ, ಮೆಹಂದಿಗಿಂತ ಮೊದಲು. ಮಾವನವರು ಉಣ್ಣುವುದು ಚೆನ್ನಾಗಿ ಬಂದಿದ್ದರೆ ಅದನ್ನು ಬಿಡಬಾರದೆಂದು.

ಅಂದರೆ ನನ್ನ ಅಷ್ಟೂ ಮಧ್ಯಾಹ್ನದ ಕಳ್ಳತನ ದಂಡ.

"ಈ ಸಲ ಶಹನಾಯಿ ಹಚ್ಚೀನ್ರಿ ಮಾವಾರ" ಎಂದಳು. "ಮುಂದಿನ ಮದವ್ಯಾಗ ಹಚ್ಚೂದಿಲ್ಲ."

ಅಂದಿನಿಂದ ಮದುವೆಯ ಊಟದಲ್ಲಿ ನಾನು ಉಣ್ಣುವುದಕ್ಕಷ್ಟೇ ಬಾಯಿ ತೆರೆಯುತ್ತೇನೆ. ಉಪ್ಪು ಬೇಕಾದರೂ ಕೈಸನ್ನೆ. ವಯಸ್ಸಿಗೆ ತಕ್ಕ ಗಾಂಭೀರ್ಯ ಬಂತು ಎಂದು ಮಂದಿ ಮೆಚ್ಚುತ್ತಾರೆ. ಸವಿತಾಳಿಗೆ ಈಗ ಸೇಡಂ, ಚಿತ್ತಾಪುರದಿಂದಲೂ ಕೆಲಸ ಬರುತ್ತದೆ. ಕೌದಿಗೆ ನನ್ನ ಮಂಚ ಬಿಟ್ಟು ಇಳಿಯಬಾರದೆಂದು ಅಪ್ಪಣೆಯಾಗಿದೆ. ತೊಗರಿಬೇಳೆಯ ಚೀಲ ಅಡುಗೆಮನೆಗೆ ಹೋಗಿದೆ.

ನಾನು ಹೇಳಿದ್ದನ್ನು ಅವತ್ತು ಯಾರೂ ನಂಬಲಿಲ್ಲವಲ್ಲ, ಅದಕ್ಕೇ ಇದನ್ನು ಬರೆದೆ. ನನ್ನ ಅಕ್ಷರ ಯಾರಿಗೂ ತಿಳಿಯುವುದಿಲ್ಲವೆಂದು ಸವಿತಾಳೇ ಟೈಪ್ ಮಾಡಲು ಕೂತಳು, ಅದೇ ಡಬ್ಬಿಯಲ್ಲಿ, ಅದೇ ನಾಲ್ಕು ಕಲ್ಲಿನ ಮೇಲೆ. ಹಲ್ಲಿನ ಸೆಟ್ಟು ಬಂದಾಗ ನಕ್ಕಳು. ಹುಗ್ಗಿಯ ಪೆಂಡಾಲು ಬಂದಾಗ, ಆಕೆಯ ತಾಯಿಯ ಮೇಲೆ ನಾನಂದ ಮಾತಿನ ಮುಂದೆ, ಬೆರಳು ನಿಂತವು.

"ಇದು ಇರ್ಲೇನ್ರಿ?"

ಇರಲಿ ಎಂದೆ. ಈ ಸಲ ಕಿಟಕಿಯ ಕಡೆ ನೋಡಲಿಲ್ಲ.

ಆಕೆ ಆ ಮಾತನ್ನು ಒಂದು ಅಕ್ಷರ ಬಿಡದೆ ಟೈಪ್ ಮಾಡಿದಳು. ಹೊರಗೆ ಬಿಸಿಲು ಫರಸಿ ಒಡೆಯುವ ಹಾಗೆ ಇತ್ತು. ನಾನು ಬಗ್ಗಿ ಡಬ್ಬಿಯ ಅಡಿಗೆ ಕೈ ಇಟ್ಟು ನೋಡಿದೆ. ತಣ್ಣಗಿತ್ತು.